ನಾಲ್ಕು ಚಕ್ರದ ವಾದ, ಒಂದು ಕಾಗೆ

ಅವತ್ತಿನ ತಾಪತ್ರಯಕ್ಕೆಲ್ಲ ಮೂಲ ಒಂದು ಕಾಗೆ. ಬೆಳಿಗ್ಗೆ ಹನ್ನೊಂದು ಗಂಟೆಗೆ ಅದು ಮರಿಸ್ವಾಮಿಯ ಮನೆಯ ಕಾಂಪೌಂಡಿನ ಮೇಲೆ ಬಂದು ಕೂತಿತು. ಅಲ್ಲೇ ಗೋಡೆಯ ಮೇಲೆ ಬಾಳೆಲೆಯಲ್ಲಿ ಬಡಿಸಿಟ್ಟಿದ್ದ ರಾಗಿಮುದ್ದೆ, ಮಟನ್ ಸಾರು, ಕಡ್ಲೆಬೇಳೆ ವಡೆ, ಖಾರ ಹಾಕಿದ ಚುರುಮುರಿ ಎಲ್ಲವನ್ನೂ ಹೆಣ್ಣು ನೋಡಲು ಬಂದ ಬೀಗರ ಹಾಗೆ ಕತ್ತು ಓರೆ ಮಾಡಿ ನೋಡಿತು. ಆಮೇಲೆ ಏನನ್ನೂ ಮುಟ್ಟದೆ ಹಾರಿಹೋಯಿತು.

ಹೊಣಕೆರೆ ಸೀಮೆಯಲ್ಲಿ ಸತ್ತವರಿಗೆ ಎಡೆ ಇಟ್ಟರೆ ಕಾಗೆ ಮುಟ್ಟಬೇಕು. ಮುಟ್ಟಿತೋ, ಹೋದ ಜೀವ ಬಂದು ಉಂಡಿತು ಅಂತ. ಮುಟ್ಟಲಿಲ್ಲವೋ, ಆ ಜೀವಕ್ಕೆ ಏನೋ ಕೊರಗು ಉಳಿದಿದೆ ಅಂತ. ಕಾಗೆ ಮುಟ್ಟುವ ತನಕ ಬಂದವರು ಯಾರೂ ಎಲೆಯ ಮುಂದೆ ಕೂರುವಂತಿಲ್ಲ. ಅಂಗಳದ ಶಾಮಿಯಾನದಡಿ ಮೂವತ್ತು ಜನ ನೆಂಟರಿಷ್ಟರು ಕೂತಿದ್ದರು, ಒಳಗಿನಿಂದ ಸಾರಿನ ವಾಸನೆ ಬರುತ್ತಿತ್ತು.

ಎಡೆ ಇಟ್ಟದ್ದು ಅನುವಿಗೆ. ಮರಿಸ್ವಾಮಿಯ ಒಬ್ಬಳೇ ಮಗಳು. ಹತ್ತೊಂಬತ್ತು ತುಂಬುವ ಮೊದಲೇ ಮೆದುಳು ಜ್ವರ ಬಂದು, ಮೈಸೂರಿನ ಆಸ್ಪತ್ರೆಯಲ್ಲಿ ಐದನೇ ದಿನಕ್ಕೆ ತೀರಿಹೋಗಿದ್ದಳು. ಇದು ವರ್ಷದ ಎಡೆ. ಹನ್ನೊಂದನೇ ದಿನದ ತಿಥಿಯಲ್ಲಿ ಕಾಗೆ ಮುಟ್ಟಿತ್ತೋ ಇಲ್ಲವೋ ಮರಿಸ್ವಾಮಿಗೆ ನೆನಪಿಲ್ಲ. ಆ ದಿನಗಳಲ್ಲಿ ಅವನ ಕಣ್ಣಿಗೆ ಏನೂ ಬಿದ್ದಿರಲಿಲ್ಲ. ಈಗ ಅಂಗಳದ ಕುರ್ಚಿಯ ಮೇಲಿಟ್ಟ ಫೋಟೊದಲ್ಲಿ ಅನು ನಗುತ್ತಿದ್ದಳು. ಮೂಗಿನ ಮೇಲೆ ಒಂದು ಗ್ರೀಸಿನ ಕಲೆ. ಅದನ್ನು ಅಳಿಸಿಬಿಡೋಣವೇ ಎಂದು ಫೋಟೊ ದೊಡ್ಡದು ಮಾಡಿಕೊಟ್ಟವನು ಕೇಳಿದಾಗ ಮರಿಸ್ವಾಮಿಯ ಹೆಂಡತಿ ಪುಟ್ಟತಾಯಮ್ಮ ಬೇಡ ಅಂದಿದ್ದಳು.

"ಮಗೀಗೆ ಏನೋ ಆಸೆ ಉಳ್ಕಂಡದೆ ಕಣ್ಲಾ ಮರಿ," ಅಂದಳು ಚಿಕ್ಕಬೋರಮ್ಮ. ಮರಿಸ್ವಾಮಿಯ ಸೋದರತ್ತೆ, ಎಂಬತ್ತು ದಾಟಿದವಳು. ಇಂಥ ಕಾರ್ಯಗಳಲ್ಲಿ ಆ ಬೀದಿಗೆ ಅವಳದೇ ಹೈಕೋರ್ಟು. "ಏನೇನ್ ಇಷ್ಟವಾಗಿತ್ತೋ ಎಲ್ಲಾನೂ ತಂದು ಇಡಿ."

ತಂದರು. ಹಸಿರು ಚೂಡಿದಾರ ಬಂತು, ಬೆಳ್ಳಿಯ ಕಾಲುಗೆಜ್ಜೆ ಬಂತು, ಸ್ಪ್ಯಾನರುಗಳ ಪೆಟ್ಟಿಗೆ ಬಂತು. ಅವಳ ಸ್ಕೂಟರನ್ನು ಯಾವತ್ತೂ ಮಾರುವುದಿಲ್ಲವೆಂದು ಮರಿಸ್ವಾಮಿ ಕೈಮುಗಿದು ಹೇಳಿದ. ಕಾಗೆ ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ಕೂತು ರೆಕ್ಕೆ ಕೆದರಿಕೊಳ್ಳುತ್ತಿತ್ತು. ಪಕ್ಕದ ಮನೆಯ ಕುಳ್ಳಯ್ಯ, ಲಗೇಜ್ ಆಟೋ ಇಟ್ಟುಕೊಂಡಿರುವವನು, ಮಟನ್ ಊಟವಿದೆಯೆಂದು ಬೆಳಗಿನ ತಿಂಡಿಯನ್ನೇ ಬಿಟ್ಟು ಬಂದಿದ್ದ. ಅವನು ಟ್ಯಾಂಕಿನ ಕಡೆ ಕೈಮುಗಿದು, "ಬಾರವ್ವ, ನಾವೂ ಮನುಷ್ರೇ ಅಲ್ವಾ," ಅಂದ.

ಅನುವಿನ ಜೊತೆ ಓದಿದ ಸಹನ ನಾಗಮಂಗಲದಿಂದ ಬಂದಿದ್ದಳು. ಅಲ್ಲಿ ಬೈಕಿನ ಶೋರೂಮಿನಲ್ಲಿ ಸರ್ವೀಸ್ ಕೆಲಸ ಅವಳಿಗೆ. ಮರಿಸ್ವಾಮಿಯ ಹತ್ತಿರ ಬಂದು, "ಅಂಕಲ್, ನಿಮ್ಮತ್ರ ಒಂದ್ ಮಾತು ಹೇಳ್ಬೇಕಿತ್ತು. ಒಂದ್ ವರ್ಷದಿಂದ ಹೇಳ್ಬೇಕು ಅಂತ..." ಅಂದಳು.

"ಆಮ್ಯಾಕೆ ಯೋಳಿವಂತೆ ಕಣವ್ವ. ಮೊದ್ಲು ಈ ಕಾಗೆ ಇಸ್ಯ ನೋಡನ," ಅಂತ ಕುಳ್ಳಯ್ಯ ಅವಳನ್ನು ಪಕ್ಕಕ್ಕೆ ಕಳಿಸಿದ.

ಆಗ ಪುಟ್ಟತಾಯಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ಮೆಲ್ಲಗೆ ಹೇಳಿದಳು: "ಬಟ್ಟೆ ಗೆಜ್ಜೆ ಯಾವ್ದೂ ಅಲ್ಲ. ಅವ್ಳು ಕೊನೇಗೆ ಕೇಳಿದ್ದು ಒಂದೇ. ನೀವು ಆ ಕಾರಿನ ಮಾತ ಒಪ್ಕಬುಡಿ."

ಆ ಕಾರಿನ ಮಾತು ಬೀದಿಗೆಲ್ಲ ಗೊತ್ತಿತ್ತು.

ಮರಿಸ್ವಾಮಿ ಕೆ.ಆರ್. ಪೇಟೆ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ವಿಭಾಗದ ಜೀಪು ಓಡಿಸುವವನು. ಎಂಜಿನ್ನಿನ ಎಳೆತ ನಾಲ್ಕೂ ಚಕ್ರಕ್ಕೆ ಸಿಗುವ ಹಳೆಯ ಜೀಪು. ಎಂಥ ಕೆಸರುಗದ್ದೆಯಲ್ಲೂ ಹೂತುಕೊಳ್ಳದೆ ಎದ್ದು ಬರುತ್ತಿತ್ತು. ಅದರ ಎಡಗಡೆ ಮಡ್‌ಗಾರ್ಡಿನಲ್ಲಿ ಒಂದು ನಗ್ಗು ಇತ್ತು. ಯಾರು ಕೇಳಿದರೂ ಎಮ್ಮೆ ಗುದ್ದಿದ್ದು ಅನ್ನುತ್ತಿದ್ದ. ಅದಕ್ಕಿಂತ ಹೆಚ್ಚು ಮಾತು ಅವನ ಬಾಯಿಂದ ಬರುತ್ತಿರಲಿಲ್ಲ. ಮನೆಗೆ ಬಂದರೆ ಕೈಕಾಲು ತೊಳೆದು, ಉಂಡು, ಗೋಡೆಗೆ ಒರಗಿದರೆ ಮುಗಿಯಿತು. ಮಗಳ ಹತ್ತಿರವೂ ಅಷ್ಟೇ: "ಉಂಡ್ಯಾ?", "ಬಸ್ಸು ಸಿಕ್ತಾ?" ಇಂಥ ಎರಡು ಪ್ರಶ್ನೆಗಳಲ್ಲೇ ಅವಳನ್ನು ಹದಿನಾರು ವರ್ಷ ಸಾಕಿದ.

ಅವಳು ಕೆ.ಆರ್. ಪೇಟೆಯಲ್ಲಿ ಆಟೋಮೊಬೈಲ್ ಡಿಪ್ಲೊಮಾ ಸೇರಿದ ಮೇಲೆ ಒಂದು ಸಂಜೆ, ಊಟದ ಹೊತ್ತಿನಲ್ಲಿ ಮೊಬೈಲು ಅವನ ಮುಖದ ಮುಂದೆ ಹಿಡಿದಳು. ಕಾರೊಂದು ತಿರುವಿನಲ್ಲಿ ಹಿಂಭಾಗವನ್ನು ಬೀಸಿ, ಅಡ್ಡಡ್ಡ ಜಾರುತ್ತಾ, ಟೈರಿನಿಂದ ಹೊಗೆ ಎಬ್ಬಿಸುತ್ತಾ ಹೋಗುತ್ತಿತ್ತು.

"ಇದ್ಕೆ ಡ್ರಿಫ್ಟು ಅಂತಾರೆ ಕಣಪ್ಪ. ನಿನ್ ಜೀಪ್ನಂಗೆ ನಾಕೂ ಚಕ್ರ ಎಳೆಯೋ ಕಾರು ಇದು."

"ನಾಕೂ ಚಕ್ರ ಎಳೆಯೋ ಗಾಡಿ ಅಂಗೆ ಬಾಲ ಬೀಸಾಕಿಲ್ಲ ಕಣವ್ವ. ಹಿಂದ್ಲವು ಜಾರಕ್ ಓದ್ರೆ ಮುಂದ್ಲವು ಹಿಡ್ಕತವೆ. ನಾಕ್ ಕಾಲೂ ಊರ್ಕಂಡ್ ನಿಂತಿರೋ ಎಮ್ಮೆ ಜಾರ್ತದಾ?"

"ಎಮ್ಮೆ ಬ್ಯಾರೆ, ಸ್ಪೋರ್ಟ್ಸ್ ಕಾರು ಬ್ಯಾರೆ."

"ನಾನು ಇಪ್ಪತ್ ವರ್ಷದಿಂದ ಓಡುಸ್ತಾ ಇವ್ನಿ. ನೀನು ಮೊಬೈಲಲ್ಲಿ ನೋಡ್ತಾ ಇದ್ದೀಯ."

ಅಲ್ಲಿಂದ ಎರಡೂವರೆ ವರ್ಷ ಆ ಮನೆಯಲ್ಲಿ ರಾತ್ರಿಯ ಮುದ್ದೆ ಈ ವಾದವಿಲ್ಲದೆ ಇಳಿದದ್ದಿಲ್ಲ. ಅನು ಮುದ್ದೆಯನ್ನು ಕಾರು ಮಾಡಿ, ಈರುಳ್ಳಿ ಚೂರುಗಳನ್ನು ಚಕ್ರ ಮಾಡಿ, ತಟ್ಟೆಯ ಸಾರಿನಲ್ಲಿ ಜಾರಿಸಿ ತೋರಿಸುತ್ತಿದ್ದಳು. ಮರಿಸ್ವಾಮಿ ಆ ಕಾರನ್ನೇ ಮುರಿದು ನುಂಗುತ್ತಿದ್ದ. ಜೀಪಿಳಿದು ಮನೆಗೆ ಬರುವಾಗ ದಾರಿಯುದ್ದಕ್ಕೂ ಇವತ್ತಿಗೆ ಏನು ಉತ್ತರ ಕೊಡಬೇಕೆಂದು ಯೋಚಿಸುತ್ತಾ ಬರುತ್ತಿದ್ದ. ಬದುಕಿನಲ್ಲಿ ಅವನು ಅಷ್ಟು ಸುಖವಾಗಿದ್ದದ್ದು ಆ ಎರಡೂವರೆ ವರ್ಷ ಮಾತ್ರ.

ಆಸ್ಪತ್ರೆಯಲ್ಲಿ ಮೂರನೇ ದಿನ ಸಂಜೆ ಅವಳಿಗೆ ಸ್ವಲ್ಪ ಎಚ್ಚರವಾಗಿತ್ತು. "ಅಪ್ಪ, ಈಗಾರ ಒಪ್ಕೊ. ನಾಕ್ ಚಕ್ರದ್ದೂ ಜಾರ್ತದೆ," ಅಂದಳು.

"ಜಾರಾಕಿಲ್ಲ. ಎದ್ದು ಮನೇಗ್ ಬಾ, ಕಾರ್ ತಂದು ತೋರುಸು, ಅವಾಗ ಒಪ್ಕತೀನಿ," ಅಂದಿದ್ದ.

ಅವಳು ನಕ್ಕಿದ್ದಳು. ಎದ್ದು ಬರಲಿಲ್ಲ. ಆ ಮಾತು ಮೀನಿನ ಮುಳ್ಳಿನ ಹಾಗೆ ಒಂದು ವರ್ಷದಿಂದ ಅವನ ಗಂಟಲಲ್ಲಿ ನಿಂತಿತ್ತು. ಮಗು ಕೇಳಿದ್ದು ಒಂದೇ ಮಾತು, ಅದನ್ನೂ ಕೊಡಲಿಲ್ಲವಲ್ಲ ಎಂದು ನಡುರಾತ್ರಿ ಎದ್ದು ಕೂರುತ್ತಿದ್ದ.

ಈಗ ಅವನು ಫೋಟೊದ ಮುಂದೆ ನಿಂತು, ಮೂವತ್ತು ಜನರ ಎದುರಿಗೆ, "ಒಪ್ಕಂಡೆ ಕಣವ್ವ. ಜಾರ್ತದೆ. ನೀನೇ ಗೆದ್ದೆ. ಬಂದು ಉಣ್ಣು," ಅಂದ.

ಎಲ್ಲರೂ ಟ್ಯಾಂಕಿನ ಕಡೆ ನೋಡಿದರು. ಕಾಗೆ ಕೊಕ್ಕನ್ನು ಎರಡು ಸಲ ಟ್ಯಾಂಕಿಗೆ ಉಜ್ಜಿ, ಬೆನ್ನು ತಿರುಗಿಸಿ ಕೂತಿತು.

"ಬಾಯ್ಮಾತಲ್ಲಿ ಒಪ್ಕಂಡ್ರೆ ಆಯ್ತದಾ? ನಿನ್ ಮಗ್ಳು ಅಷ್ಟ್ ದಡ್ಡಿಯೇನ್ಲಾ?" ಅಂದಳು ಚಿಕ್ಕಬೋರಮ್ಮ. "ಕಾರ್ ತೋರುಸು, ಅವಾಗ ಒಪ್ಕತೀನಿ ಅಂತ ಮಾತು ಕೊಟ್ಟಿದ್ದೀಯ. ಕಣ್ಣಾರ ನೋಡ್ಕಂಡ್ ಬಂದು ಯೋಳು. ಇಲ್ದಿದ್ರೆ ಮಗು ಹಸ್ಕಂಡೇ ವಾಪಸ್ ಓಯ್ತದೆ."

ತೀರ್ಪು ಬಂದಾಯಿತು. ನಾಲ್ಕೂ ಚಕ್ರ ಎಳೆಯುವ ಸ್ಪೋರ್ಟ್ಸ್ ಕಾರನ್ನು ಹೊಣಕೆರೆಯಲ್ಲಿ ಎಲ್ಲಿಂದ ತರುವುದು? ಪುಟ್ಟತಾಯಮ್ಮನೇ ಹೇಳಿದಳು. ಅವಳ ತಮ್ಮ ಲೋಕೇಶ್ ಫೋಟೊ ತೆಗೆಯುವವನು. ಮದುವೆಗೆ ಮುಂಚಿನ ಫೋಟೊ ಶೂಟಿಂಗು ಮೊದಲೇ ಒಪ್ಪಿಕೊಂಡಿದ್ದರಿಂದ ಎಡೆಗೆ ಬರಲಾಗದೆ ಬೆಳಿಗ್ಗೆ ಫೋನು ಮಾಡಿದ್ದ. ತೊಣ್ಣೂರು ಕೆರೆಯಲ್ಲಿ ಶೂಟಿಂಗು, ಮೈಸೂರಿನಿಂದ ಬಾಡಿಗೆಗೆ ಕೆಂಪು ಕಾರು ತರಿಸಿದ್ದಾರೆ, ನಾಲ್ಕೂ ಚಕ್ರ ಎಳೆಯುವುದಂತೆ, ಅನು ಇದ್ದಿದ್ದರೆ ಹಟ ಮಾಡಿ ಬರುತ್ತಿದ್ದಳು ಅಂದಿದ್ದ. ಅದನ್ನು ಕೇಳಿದಾಗಿನಿಂದ ಅವಳು ಒಲೆಯ ಹೊಗೆಯ ನೆಪದಲ್ಲಿ ಅಳುತ್ತಿದ್ದಳು.

"ಇನ್ನೇನ್ ಮತ್ತೆ, ಆಟೋ ತಗೀತೀನಿ. ಒಂದ್ ಗಂಟೆ ದಾರಿ. ನೋಡ್ಕಂಡ್ ಬಂದು ಉಣ್ಣನ," ಅಂತ ಕುಳ್ಳಯ್ಯ ಎದ್ದೇಬಿಟ್ಟ. ಸಾಕ್ಷಿಗೆ ಇರಲಿ ಅಂತ ನಾಲ್ಕು ಜನ ಹಿಂದಿನ ತೊಟ್ಟಿಗೆ ಹತ್ತಿದರು. ಸಹನ ಆಟೋದ ಪಕ್ಕದಲ್ಲಿ ಓಡುತ್ತಾ, "ಅಂಕಲ್, ಹೋಗೋಕ್ ಮುಂಚೆ ಒಂದ್ ನಿಮಿಷ," ಅಂದಳು. ಕುಳ್ಳಯ್ಯನ ಆಟೋದ ಸೈಲೆನ್ಸರು ಒಡೆದು ಎರಡು ವರ್ಷವಾಗಿತ್ತು. ಅದರ ಸದ್ದಿನಲ್ಲಿ ಆ ಮಾತು ಯಾರಿಗೂ ಕೇಳಲಿಲ್ಲ.

ಊರಾಚೆ ತಿರುವಿನಲ್ಲಿ ಆಟೋ ಇರುವೆಯ ಹಾಗೆ ನಿಧಾನವಾಯಿತು. ಜನವರಿ ತಿಂಗಳು, ಹುರುಳಿ ಕಿತ್ತು ಒಣಗಿಸಿದ ಕಾಲ. ಕಣ ಮಾಡುವವರು ಈಗ ಯಾರಿದ್ದಾರೆ? ಗಿಡವನ್ನು ತಂದು ಟಾರು ರಸ್ತೆಗೆ ಹರಡಿಬಿಟ್ಟರೆ ಬಸ್ಸು, ಲಾರಿ ತುಳಿದು ಪುಕ್ಕಟೆ ಒಕ್ಕಣೆಯಾಗುತ್ತದೆ. ಪೊಲೀಸರು ವರ್ಷವರ್ಷವೂ ಬೇಡವೆನ್ನುತ್ತಾರೆ, ಜನ ವರ್ಷವರ್ಷವೂ ಹರಡುತ್ತಾರೆ. ಇಲ್ಲಿ ಹರಡಿದ್ದವಳು ಕುಳ್ಳಯ್ಯನ ಹೆಂಡತಿ ಚಲುವಮ್ಮನೇ. ದೂರದಲ್ಲಿ ಹೊಂಗೆ ಮರದ ಕೆಳಗೆ ಮೊರ ಹಿಡಿದು ಕೂತಿದ್ದಳು. ಸೊಪ್ಪಿನಡಿ ಕಾಳು ಗೋಲಿಯ ಹಾಗೆ ಉರುಳುತ್ತದೆ. ಊರವರಿಗೆ ಗೊತ್ತು, ಆಮೆಯ ಹಾಗೆ ದಾಟುತ್ತಾರೆ. ಹುರುಳಿ ದಾಟುವ ತನಕ ಮರಿಸ್ವಾಮಿ ಮುಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದ. ಅವನದು ಯಾವಾಗಲೂ ಹಾಗೆಯೇ.

ಜಕ್ಕನಹಳ್ಳಿ ಹತ್ತಿರ ಅವನ ಫೋನು ಹೊಡೆಯಿತು. ಸಹನ. "ಏನೂ ಕೇಳ್ತಾ ಇಲ್ಲ ಕಣವ್ವ, ಬಂದ್ ಮಾತಾಡ್ತೀನಿ," ಅಂದು ಇಟ್ಟ.

ತೊಣ್ಣೂರು ಕೆರೆಯ ಬಳಿ ಬಯಲಲ್ಲಿ ಕೆಂಪು ಕಾರು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತಿತ್ತು. ಮದುವೆಯ ಹುಡುಗ ಹುಡುಗಿ ಅದಕ್ಕೆ ಒರಗಿದ್ದರು, ಲೋಕೇಶ್ ಅವರನ್ನು ನಗಿಸಲು ಪಾಡು ಪಡುತ್ತಿದ್ದ. ಲಗೇಜ್ ಆಟೋದಿಂದ ಹಸಿದ ಆರು ಜನ ಧುಮುಕಿದ್ದು ನೋಡಿ ಹುಡುಗಿ ನಿಜವಾಗಿಯೂ ನಕ್ಕಳು. ಲೋಕೇಶನ ಮಟ್ಟಿಗೆ ಅವತ್ತಿನ ಒಳ್ಳೆಯ ಫೋಟೊ ಅದೊಂದೇ.

ಕಾರಿನ ಡ್ರೈವರ್ ದೇವರಾಜು ಮೈಸೂರಿನಲ್ಲೇ ಹುಟ್ಟಿ ಬೆಳೆದವನು. ಕೈಯಲ್ಲೊಂದು ಮೆತ್ತನೆಯ ಬಟ್ಟೆ. ಕುಳ್ಳಯ್ಯ ಬಾನೆಟ್ಟಿನ ಮೇಲೆ ಕೈ ಇಟ್ಟಲ್ಲೆಲ್ಲ ಹಿಂದೆಯೇ ಒರೆಸಿಕೊಂಡು ಬಂದ.

"ಡ್ರಿಫ್ಟಾ? ಕೆಲಸ ಹೋಗುತ್ತೆ ಯಜಮಾನ್ರೆ," ಅಂದ. "ಈ ಗಾಡೀಲಿ ಏನ್ ಮಾಡಿದ್ರೂ ಮೈಸೂರಲ್ಲಿ ಓನರ್ ಫೋನಿಗೆ ಗೊತ್ತಾಗುತ್ತೆ. ಕೆಮ್ಮಿದ್ರೂ ಗೊತ್ತಾಗುತ್ತೆ."

ಮರಿಸ್ವಾಮಿ ಕಾರಿನ ಚಕ್ರಗಳನ್ನೇ ನೋಡುತ್ತಿದ್ದ. ಕುಳ್ಳಯ್ಯನೇ ಎಲ್ಲವನ್ನೂ ಹೇಳಿದ. ಆಸ್ಪತ್ರೆ, ಮಾತು, ಎಡೆ, ತನ್ನ ಹಸಿವು. ಕಾಗೆಯ ಸುದ್ದಿ ಬಂದಾಗ ದೇವರಾಜುವಿನ ಕೈಯ ಬಟ್ಟೆ ನಿಂತಿತು.

"ನಮ್ಮಪ್ಪನ ಎಡೇಲೂ ಹಿಂಗೇ ಆಯ್ತು," ಅಂದ. "ಅವರ ರೇಡಿಯೋನ ಗುಜರಿಗೆ ಹಾಕ್ಬಿಟ್ಟಿದ್ದೆ. ಸಂಜೆ ಅದನ್ನ ಹುಡುಕಿ ವಾಪಸ್ ತಂದಿಟ್ಟ ಮೇಲೆ ಕಾಗೆ ಬಂತು." ಬಟ್ಟೆಯನ್ನು ಜೇಬಿಗೆ ತುರುಕಿ ಮದುವೆಯ ಹುಡುಗನ ಕಡೆ ನೋಡಿದ. ಹುಡುಗ ತಲೆಯಾಡಿಸಿದ. ಬಿಸಿಲು ನೆತ್ತಿಗೇರಿದೆ, ಇನ್ನು ಇಳಿಯುವ ತನಕ ಹೇಗೂ ಫೋಟೊ ಕೆಲಸವಿಲ್ಲ ಅಂದ ಲೋಕೇಶ್. "ಭಾವ, ನೀವು ಮುಂದುಕ್ ಬಂದು ನೋಡಿ," ಅಂತ ಮರಿಸ್ವಾಮಿಯನ್ನು ಮುಂದೆ ನಿಲ್ಲಿಸಿದ.

ದೇವರಾಜು ಮೂರು ಸಲ ಪ್ರಯತ್ನಿಸಿದ. ಜೋರಾಗಿ ಬಂದು ಸ್ಟೇರಿಂಗ್ ತಿರುಗಿಸಿದ. ಮೂರು ಸಲವೂ ಕಾರು ಹೆಡ್‌ಮಾಸ್ಟರ ಮಗಳ ಹಾಗೆ ಅಚ್ಚುಕಟ್ಟಾಗಿ ತಿರುಗಿ, ತಲೆ ತಗ್ಗಿಸಿಕೊಂಡು ವಾಪಸು ಬಂತು.

"ಒಳಗೆ ಕಂಪ್ಯೂಟರ್ ಇದೆ," ಅಂದ ದೇವರಾಜು ಇಳಿದು. "ಚಕ್ರ ಜಾರೋಕ್ ಮುಂಚೇನೇ ಹಿಡ್ಕೊಂಡ್ಬಿಡುತ್ತೆ. ಬಾಡಿಗೆ ಗಾಡಿ ಅಂತ ಓನರ್ ಅದಕ್ಕೆ ಬೀಗ ಹಾಕಿಸಿದಾರೆ. ವೀಡಿಯೋದಲ್ಲಿ ಮಾಡೋರು ಎಷ್ಟೋ ಜನ ಒಂದು ಗುಂಡಿ ಒತ್ತಿ, ಎಳೆತನೆಲ್ಲ ಹಿಂದಿನ ಎರಡು ಚಕ್ರಕ್ಕೆ ಕಳಿಸ್ತಾರೆ. ಆಗ ಬಾಲ ಬೀಸುತ್ತೆ. ಆ ಗುಂಡೀನೂ ಇದರಲ್ಲಿ ಕೆಲಸ ಮಾಡಲ್ಲ."

"ಅಂಗಾರೆ ಅದು ನಾಕ್ ಚಕ್ರದ್ದು ಎಲ್ಲಾಯ್ತು? ಎಲ್ಡ್ ಚಕ್ರದ್ದೇ ಆಯ್ತಲ್ಲ," ಅಂದ ಕುಳ್ಳಯ್ಯ. ಹಸಿವಿನಲ್ಲೂ ಅವನಿಗೆ ನ್ಯಾಯ ಬಿಡಲಾಗದು. "ಲೇ ಮರಿಸ್ವಾಮಿ, ನೀನ್ ಯೋಳಿದ್ದೇ ಸರಿ ಕಣ್ಲಾ. ಗೆದ್ಬುಟ್ಟೆ."

ಸಾಕ್ಷಿಗೆ ಬಂದ ನಾಲ್ವರೂ ಹೌದೌದು ಅಂದರು. ಒಬ್ಬ ಬೆನ್ನು ಕೂಡ ತಟ್ಟಿದ.

ಮರಿಸ್ವಾಮಿ ಗೆದ್ದಿದ್ದ. ಗೆದ್ದವನು ಕೆರೆಯ ದಡದ ಕಲ್ಲಿನ ಮೇಲೆ ಹೋಗಿ ಕೂತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಮಗಳ ಮುಂದೆ ಹೋಗಿ ಈಗ ಏನು ಹೇಳುವುದು? ನೀನು ಸೋತೆ ಅನ್ನುವುದಕ್ಕೆ ಯಾರಾದರೂ ಎಡೆ ಇಡುತ್ತಾರೆಯೇ?

ದೇವರಾಜು ಹತ್ತಿರ ಬಂದು ನಿಂತ. "ಎದ್ದೇಳಿ ಯಜಮಾನ್ರೆ. ನಿಮ್ಮನ್ನ ಮನೆವರೆಗೂ ನಾನೇ ಬಿಟ್ಟುಬರ್ತೀನಿ. ನಿಮ್ಮ ಮಗಳು ಕಾರನ್ನಾದ್ರೂ ನೋಡ್ಲಿ."

ಮರಿಸ್ವಾಮಿ ಆ ತಗ್ಗಿನ ಸೀಟಿನಲ್ಲಿ ಬಾವಿಗೆ ಇಳಿದವನ ಹಾಗೆ ಕೂತ. ಒಂದು ಗಂಟೆಯ ದಾರಿ ಅರ್ಧ ಗಂಟೆಯಲ್ಲಿ ಹಿಂದೆ ಸರಿಯಿತು. ಮೊದಲೇ ಹೊರಟಿದ್ದ ಕುಳ್ಳಯ್ಯನ ಆಟೋವನ್ನು ಊರು ಸಮೀಪಿಸುವಾಗ ಹಿಂದೆ ಹಾಕಿದರು. ಅನು ಇದ್ದಿದ್ದರೆ ಈ ಸೀಟಿನಲ್ಲಿ ಅವಳು ಕೂರಬೇಕಿತ್ತು, ಪ್ರತಿ ಗುಂಡಿಗೂ ಒಂದು ಕತೆ ಹೇಳುತ್ತಿದ್ದಳು ಅಂದುಕೊಳ್ಳುತ್ತಿದ್ದ. ಅಷ್ಟರಲ್ಲಿ ಊರಿನ ತಿರುವು ಬಂತು.

"ಅದೇನದು ರಸ್ತೆ ಮೇಲೆ, ಹುಲ್ಲಾ?" ಅಂದ ದೇವರಾಜು.

"ಹುರುಳಿ. ಮ್ಯಾಲೆ ಗಾಡಿ ಅತ್ತುದ್ರೆ ಕಾಳು ಬುಡ್ತದೆ. ಒಳ್ಳೇದು."

ಹೇಳಿದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಆದರೆ ನಿಧಾನ ಹೋಗಿ ಅನ್ನಬೇಕಿತ್ತು. ಡ್ರೈವರು ಡ್ರೈವರಿಗೆ ಹೇಳಲೇಬೇಕಾದ ಮಾತು. ಇಷ್ಟು ವರ್ಷದಲ್ಲಿ ದಾರಿಯಲ್ಲಿ ಸಿಕ್ಕ ಅದೆಷ್ಟೋ ಹೊಸಬರಿಗೆ ಕೈ ಅಡ್ಡ ಹಾಕಿ ಹೇಳಿದ್ದ. ನಾಲಗೆಯ ತುದಿಯವರೆಗೂ ಬಂತು. ರಸ್ತೆ ಖಾಲಿಯಿತ್ತು. ಚಲುವಮ್ಮ ದೂರದ ಮರದಡಿ ತೂಕಡಿಸುತ್ತಿದ್ದಳು. ಮರಿಸ್ವಾಮಿ ಹಲ್ಲು ಕಚ್ಚಿಕೊಂಡು ಮುಂದಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಕಂಪ್ಯೂಟರಿಗೆ ಎಲ್ಲ ಗೊತ್ತಿತ್ತು, ಹುರುಳಿ ಗೊತ್ತಿರಲಿಲ್ಲ. ತಿರುವಿನಲ್ಲಿ ನಾಲ್ಕೂ ಚಕ್ರ ಒಟ್ಟಿಗೆ ನೆಲ ಬಿಟ್ಟ ಹಾಗಾಯಿತು. ಕಾರಿನ ಹಿಂಭಾಗ ಮೆಲ್ಲಗೆ ಹೊರಕ್ಕೆ ಬೀಸಿತು, ಮೂತಿ ಹೊಲದ ಕಡೆ ತಿರುಗಿತು, ಕಾರು ಅಡ್ಡಡ್ಡ ಜಾರುತ್ತಾ ಹುರುಳಿಯ ಧೂಳೆಬ್ಬಿಸುತ್ತಾ ಆ ತಿರುವನ್ನು ಪೂರ್ತಿ ದಾಟಿತು. ಮೊಬೈಲಿನಲ್ಲಿ ಅನು ತೋರಿಸಿದ್ದಳಲ್ಲ, ಥೇಟು ಹಾಗೆ. ಕೊನೆಗೆ ಒಂದು ಸುತ್ತು ತಿರುಗಿ, ಸೊಪ್ಪಿನ ಮೆದೆಗೆ ಬೆನ್ನು ಕೊಟ್ಟು ನಿಂತಿತು. ಎಲ್ಲೂ ಒಂದು ಗೀರೂ ಆಗಿರಲಿಲ್ಲ.

ದೇವರಾಜು ಸ್ಟೇರಿಂಗ್ ಹಿಡಿದು ಬೊಂಬೆಯಂತೆ ಕೂತಿದ್ದ. ಅವನ ಫೋನು ಹೊಡೆದುಕೊಳ್ಳತೊಡಗಿತು; ಮೈಸೂರಿನ ಓನರ್. ಚಲುವಮ್ಮ ಮೊರ ಎತ್ತಿಕೊಂಡು, "ಅಯ್ಯೋ ನಿಮ್ ಮನೆ ಹಾಳಾಗ, ಕಾಳನ್ನೆಲ್ಲ ಚರಂಡಿಗ್ ತುಂಬ್ಬುಟ್ರಲ್ಲ," ಅಂತ ಓಡಿಬಂದಳು.

"ತಪ್ಪು ನಂದು ಕಣಪ್ಪ. ನಂಗೆ ಗೊತ್ತಿತ್ತು, ನಿಂಗೆ ಯೋಳ್ಲಿಲ್ಲ. ಅವ್ರಿಗೂ ಅಂಗೇ ಯೋಳು," ಅಂದ ಮರಿಸ್ವಾಮಿ. ಅವನ ಮುಖ ಒಂದು ವರ್ಷದ ಮೇಲೆ ಅರಳಿತ್ತು. ಬಾಗಿಲು ತೆಗೆದು ಇಳಿದವನೇ, ಐವತ್ತೆರಡು ವರ್ಷದ ಮನುಷ್ಯ, ಪಂಚೆ ಎತ್ತಿ ಕಟ್ಟಿ ಊರೊಳಕ್ಕೆ ಓಡಿದ.

"ಜಾರ್ತು ಕಣವ್ವ," ಅಂದ ಏದುಸಿರು ಬಿಡುತ್ತಾ, ಫೋಟೊದ ಮುಂದೆ ಕುಸಿದು ಕೂತು. "ನಾಕೂ ಚಕ್ರ. ಕಣ್ಣಾರ ನೋಡ್ದೆ. ನಾನೇ ಒಳಗಿದ್ದೆ. ನೀನ್ ಗೆದ್ದೆ, ನಾನ್ ಸೋತೆ."

ಶಾಮಿಯಾನದಡಿ ಹಸಿದವರೆಲ್ಲ ಎದ್ದು ನಿಂತರು. ಹಿಂದೆಯೇ ಬಂದು ತಲುಪಿದ ಕುಳ್ಳಯ್ಯ ಹೆಂಡತಿಯಿಂದ ಆಗಲೇ ಎಲ್ಲವನ್ನೂ ಕೇಳಿಕೊಂಡಿದ್ದ. "ಹುರುಳಿ ಮ್ಯಾಲೆ ಜಾರಿದ್ದು ಲೆಕ್ಕಕ್ಕಿಲ್ಲ ಕಣ್ಲಾ. ಹುರುಳಿ ಮ್ಯಾಲೆ ಬೆಟ್ಟನೂ ಜಾರ್ತದೆ," ಅಂತ ಶುರು ಮಾಡಿ, ಮಟನ್ ನೆನಪಾಗಿ, "ಓಗ್ಲಿ ಬುಡು, ಜಾರ್ತು," ಅಂದ. ಟ್ಯಾಂಕಿನ ಮೇಲೆ ಕಾಗೆ ಇತ್ತು. ಬರಲಿಲ್ಲ.

"ಅಂಕಲ್," ಅಂದಳು ಸಹನ. ಈ ಸಲ ಅವಳು ಯಾರ ಅಪ್ಪಣೆಗೂ ಕಾಯಲಿಲ್ಲ. "ಅನು ಯಾವತ್ತೂ ಜಾರುತ್ತೆ ಅಂತ ನಂಬಿರ್ಲಿಲ್ಲ. ರೋಡಲ್ಲಿ ಓಡೋ ನಾಲ್ಕು ಚಕ್ರದ ಗಾಡಿ ಬಾಲ ಬೀಸಲ್ಲ, ನಮ್ಮಪ್ಪ ಹೇಳೋದೇ ಸರಿ ಅಂತ ನನ್ ಹತ್ರ ಎಷ್ಟು ಸಲ ಹೇಳಿದಾಳೋ. ಪರೀಕ್ಷೇಲೂ ಹಂಗೇ ಬರೆದು ಬಂದ್ಳು."

ಮರಿಸ್ವಾಮಿ ತಲೆಯೆತ್ತಿದ.

"ಮತ್ತೆ ಮನೇಲಿ ಯಾಕ್ ಕಿತ್ತಾಡ್ತೀಯಾ ಅಂತ ಕೇಳ್ದೆ. 'ನಾನ್ ಒಪ್ಕಂಬುಟ್ರೆ ಅಪ್ಪ ಮತ್ತೆ ಗೋಡೆಗ್ ಒರಗಿ ಕುಂತ್ಕಬುಡ್ತದೆ ಕಣೆ. ಅಪ್ಪ ನನ್ ಜೊತೆ ಮಾತಾಡೋದು ಇದೊಂದೇ' ಅಂದ್ಳು." ಸಹನ ಫೋಟೊದ ಪಕ್ಕಕ್ಕೆ ಬಂದು ನಿಂತಳು. "ಆಸ್ಪತ್ರೇಲಿ ಒಪ್ಕೋ ಅಂತ ಕೇಳಿದ್ದು ನಿಮ್ಮನ್ನ ಪರೀಕ್ಷೆ ಮಾಡಕ್ಕೆ ಅಂಕಲ್. 'ಅಪ್ಪ ಒಪ್ಕಂಡ್ರೆ ನಾನು ಉಳಿಯಲ್ಲ ಅಂತ ಡಾಕ್ಟ್ರು ಹೇಳವ್ರೆ ಅಂತ ಅರ್ಥ' ಅಂದಿದ್ಳು. ನೀವು ಒಪ್ಕಳ್ಲಿಲ್ಲ. ಆ ರಾತ್ರಿ ಆಸ್ಪತ್ರೇಲಿ ಅವಳ ಪಕ್ಕ ನಾನೇ ಇದ್ದೆ, ಎಷ್ಟ್ ಚೆನ್ನಾಗಿ ನಿದ್ದೆ ಮಾಡುದ್ಲು ಗೊತ್ತಾ?"

ಪುಟ್ಟತಾಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಚಿಕ್ಕಬೋರಮ್ಮನ ಹೈಕೋರ್ಟಿನಲ್ಲಿ ಇದಕ್ಕೆ ಕಾನೂನು ಇರಲಿಲ್ಲ.

ಮರಿಸ್ವಾಮಿ ನೆಲ ನೋಡುತ್ತಾ ಯಾರಿಗೋ ಹೇಳುವವನ ಹಾಗೆ ಹೇಳಿದ: "ಜೀಪ್‌ಗೆ ಎಮ್ಮೆ ಗುದ್ದಿದ್ದಲ್ಲ. ಇವ್ಳು ಹುಟ್ಟಿದ್ ದಿನ ಸುದ್ದಿ ಬಂತು. ಜೋರಾಗ್ ಓಡುಸ್ಕ ಬಂದೆ. ಅದೇ ತಿರುವು, ಅದೇ ಹುರುಳಿ. ನಾಕೂ ಚಕ್ರ ಜಾರಿ, ಬಾಲ ಬೀಸಿ ಮರಕ್ ಓಗಿ ನಿಂತ್ಕತು. ಜಾರ್ತದೆ ಅಂತ ನಂಗ್ ಅವತ್ತಿಂದ್ಲೂ ಗೊತ್ತು."

"ಮತ್ಯಾಕ್ಲಾ ಜಾರಾಕಿಲ್ಲ ಅಂತ ಎಲ್ಡೂವರೆ ವರ್ಷ ಹಟ ಹಿಡ್ದೆ?" ಅಂದ ಕುಳ್ಳಯ್ಯ.

"ಒಪ್ಕಂಡಿದ್ರೆ ನನ್ ಮಗ್ಳು ಎದ್ದು ಓದ್ಕಳಕ್ ಓಗ್ಬುಡೋಳು."

ಅವಳು ನಂಬದ್ದನ್ನು ಅವಳು ಹೇಳಿದ್ದಳು, ಅವನು ನಂಬದ್ದನ್ನು ಅವನು ಹೇಳಿದ್ದ. ಇವತ್ತು ಬೆಳಗಿನಿಂದ ಉಪವಾಸ ಬಿದ್ದು, ಒಬ್ಬ ಬಡಪಾಯಿಯ ಕೆಲಸಕ್ಕೆ ಕುತ್ತು ತಂದು, ಮರಿಸ್ವಾಮಿ ಓಡಿ ಬಂದು ಸೇರಿದ್ದು ಜಾರುತ್ತದೆ ಅನ್ನುವ, ಮಗಳು ಖಾಲಿ ಬಿಟ್ಟುಹೋದ ಪಕ್ಷಕ್ಕೆ.

ಆ ಹೊತ್ತಿಗೆ ಕಾಗೆ ಬಂತು.

ಟ್ಯಾಂಕಿನಿಂದ ಇಳಿದು ಕಾಂಪೌಂಡಿನ ಮೇಲೆ ಕೂತಿತು. ಮೂವತ್ತು ಜನ ಉಸಿರು ಹಿಡಿದರು. ಎರಡು ಸಲ ಕುಪ್ಪಳಿಸಿ ಎಲೆಯ ಹತ್ತಿರ ಬಂತು. ವಡೆಯ ಕಡೆ ಕೊಕ್ಕು ಬಗ್ಗಿಸಿತು. ಕುಳ್ಳಯ್ಯ ಕೈ ತೊಳೆಯಲು ತಂಬಿಗೆಯನ್ನೇ ಎತ್ತಿಕೊಂಡಿದ್ದ.

ಮರಿಸ್ವಾಮಿ ಎದ್ದು, ಹೆಗಲ ಮೇಲಿನ ಟವೆಲು ಬೀಸಿ, "ಹುಶ್," ಅಂದ.

ಕಾಗೆ ಹಾರಿ ಮತ್ತೆ ಟ್ಯಾಂಕಿನ ಮೇಲೆ ಹೋಗಿ ಕೂತಿತು.

"ಮುಟ್ತಿತ್ತಲ್ಲೋ ಪಾಪಿ," ಅಂದ ಕುಳ್ಳಯ್ಯ, ತಂಬಿಗೆ ಹಿಡಿದುಕೊಂಡೇ.

"ಮುಟ್ಟಿದ್ರೆ ಮುಗ್ದೋಯ್ತದೆ ಕಣ್ಲಾ. ನಮ್ ಮಾತು ಇನ್ನೂ ಮುಗ್ದಿಲ್ಲ."

ಮರಿಸ್ವಾಮಿ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಫೋಟೊದ ಎದುರಿಗೆ, ಊಟಕ್ಕೆ ಕೂರುತ್ತಿದ್ದಷ್ಟೇ ಹತ್ತಿರ, ಕೂತ. "ನೋಡವ್ವ, ನಾಕೂ ಚಕ್ರ ಎಳೆಯೋ ಕಾರು ಜಾರ್ತದೆ. ನಾನ್ ಯೋಳ್ತಾ ಇವ್ನಿ. ಇಲ್ಲ ಅಂತೀಯಾ? ಯಾಕಿಲ್ಲ, ಯೋಳು ನೋಡನ," ಅಂದ. ಹೇಳಿ, ಅವಳ ಸರದಿಗೆಂದು ದಿನಾ ಕಾಯುತ್ತಿದ್ದ ಹಾಗೆಯೇ ಕಾದ. ಪುಟ್ಟತಾಯಮ್ಮ ಒಳಗೆ ಹೋಗಿ, ಸಾರಿನ ಪಾತ್ರೆಗೆ ಮತ್ತೆ ಮುಚ್ಚಳ ಹಾಕಿ ಬಂದಳು.